ಬ್ರೈನ್ ಟ್ಯೂಮರಿಗೆ ಅಂತ ಮನೆಬಾಗ್ಲಿಗೆ ಬಂದ ನ್ಯಾನೋ ಅರಿಶಿನ ಡ್ರಾಪ್ಸ್: ಐದಕ್ಕೆ ಒಂದು ಸ್ಟಾರ್

ಮೊದ್ಲೇ ಮಾರ್ಕ್ಸ್ ಹೇಳ್ಬಿಡ್ತೇನೆ, ಪೂರ್ತಿ ಓದೋ ಪುರ್ಸೊತ್ತಿಲ್ದವ್ರು ಇಲ್ಲಿಂದ್ಲೇ ಹೋಗ್ಬಹುದು. ಐದಕ್ಕೆ ಒಂದು. ಆ ಒಂದೂ ಡ್ರಾಪರಿಗೆ. ಡ್ರಾಪರ್ ನಿಜ್ವಾಗ್ಲೂ ಚೆನ್ನಾಗಿದೆ, ಸೋರೋದಿಲ್ಲ, ಹನಿ ಒಂದೇ ಅಳತೇಲಿ ಬೀಳ್ತದೆ, ಎಷ್ಟೋ ಮಕ್ಕಳ ಸಿರಪ್ಪಿಗೂ ಇಷ್ಟು ಒಳ್ಳೇ ಡ್ರಾಪರ್ ಬರೋದಿಲ್ಲ. ನಾನು ಬರೀಲಿಕ್ಕೆ ಕೂತಿದ್ದು ಒಳಗಿನ ಮಾಲಿನ ಬಗ್ಗೆ, ಅದಕ್ಕಿಂತ ಜಾಸ್ತಿ ಅದ್ರ ಜೊತೆ ಬಂದ ಪಾಂಪ್ಲೆಟ್ ಬಗ್ಗೆ.

ಶಿರಸಿಲಿ ನಮ್ದೊಂದು ಮೆಡಿಕಲ್ ಶಾಪ್ ಇದೆ, ಹಾಗಾಗಿ ಬಾಟಲಿ ಕೈಗೆ ಬಂದ ಕೂಡ್ಲೆ ಲೇಬಲ್ ತಿರುಗ್ಸಿ ನೋಡೋದು ಅಭ್ಯಾಸ. ಈ ಬಾಟಲಿ ತಗೊಂಡಿದ್ದು ನಾನಲ್ಲ, ಹುಲೇಕಲ್ ಕಡೆ ಇರೋ ನಮ್ಮ ಭಾವನ ಮನೆಯವ್ರು. ಭಾವಂಗೆ ಗ್ಲಿಯೋಬ್ಲಾಸ್ಟೋಮಾ, ಅಂದ್ರೆ ಮೆದುಳಲ್ಲಿ ಹುಟ್ಟೋ ಒಂದು ಕೆಟ್ಟ ಕ್ಯಾನ್ಸರ್ ಗಡ್ಡೆ, ಆಪರೇಷನ್ ಆಗಿದೆ, ಊರು ಬಿಟ್ಟು ದೂರದ ದೊಡ್ಡಾಸ್ಪತ್ರೇಲಿ ರೇಡಿಯೇಷನ್ ಮುಗ್ಸಿ ಬಂದು ಈಗ ತಿಂಗಳಿಗೆ ಐದು ದಿನ ಮಾತ್ರೆ ನುಂಗ್ತಿದ್ದಾರೆ. ಅವ್ರು ವಾಪಸ್ ಬಂದ ಸುದ್ದಿ ಊರಲ್ಲಿ ಹಬ್ಬಿದ ಮೇಲೆ ಒಬ್ಬ ಏಜೆಂಟ್ ಬೈಕಲ್ಲಿ ಬಂದು, ಚಾ ಕುಡ್ದು, ಮೊಬೈಲಲ್ಲಿ ವಿಡಿಯೋ ತೋರ್ಸಿ, ಮೂವತ್ತು ಎಂಎಲ್ ಬಾಟಲಿಗೆ ಎರಡು ಸಾವಿರದ ಹತ್ರ ಹತ್ರ ದುಡ್ಡು ತಗೊಂಡು ಹೋಗಿದ್ದಾನೆ. ಬಿಲ್ ಕೊಟ್ಟಿಲ್ಲ. ಕಂಪನಿ ಹೆಸ್ರು ನಾನಿಲ್ಲಿ ಹಾಕ್ತಿಲ್ಲ, ಇದೇ ಥರದ ಬಾಟಲಿ ಬೇರೆ ಬೇರೆ ಲೇಬಲ್ ಹಚ್ಕೊಂಡು ಓಡಾಡ್ತಿದೆ, ಒಂದು ಹೆಸ್ರು ಬರೆದ್ರೆ ಉಳಿದವ್ರೆಲ್ಲ ಒಳ್ಳೆಯವ್ರು ಅಂದಂಗೆ ಆಗ್ತದೆ.

ಈಗ ಲೇಬಲ್. ಮುಂದ್ಗಡೆ ದೊಡ್ಡದಾಗಿ ನ್ಯಾನೋ, ಅದ್ರ ಕೆಳಗೆ ಕರ್ಕ್ಯುಮಿನ್ (ಅರಿಶಿನಕ್ಕೆ ಹಳದಿ ಬಣ್ಣ ಕೊಡೋ ವಸ್ತು), ಪಕ್ಕದಲ್ಲಿ ಹಳದಿ ಬಣ್ಣದ ಮೆದುಳಿನ ಚಿತ್ರ. ಹಿಂದ್ಗಡೆ ನೋಡಿದ್ರೆ ಡ್ರಗ್ ಲೈಸೆನ್ಸ್ ನಂಬರೇ ಇಲ್ಲ, ಇರೋದು ಹದ್ನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರು, ಅಂದ್ರೆ ಬಿಸ್ಕೆಟ್ಟು ಉಪ್ಪಿನಕಾಯಿಗೆ ಕೊಡೋ ಲೈಸೆನ್ಸು, ಆಹಾರದ್ದು. ಅದ್ರ ಕೆಳಗೆ ಅಕ್ಕಿಕಾಳಿಗಿಂತ ಸಣ್ಣ ಅಕ್ಷರದಲ್ಲಿ ಔಷಧಿಯಾಗಿ ಬಳಸೋಕಲ್ಲ ಅಂತ ಇಂಗ್ಲಿಷಲ್ಲಿ. ಹೆಲ್ತ್ ಸಪ್ಲಿಮೆಂಟ್ ಮಾರೋರು ಈ ಸಾಲು ಹಾಕ್ಲೇಬೇಕು ಅಂತ ನಿಯಮ ಇದೆ, ಹಾಗಾಗಿ ಹಾಕಿದ್ದಾರೆ. ಪಾಂಪ್ಲೆಟ್ ಮೇಲೆ ಮಾತ್ರ ಬ್ರೈನ್ ಟ್ಯೂಮರ್, ನರಗಳ ಕ್ಯಾನ್ಸರ್, ಪಾರ್ಶ್ವವಾಯು, ಮರೆವು, ಎಲ್ಲದಕ್ಕೂ ರಾಮಬಾಣ. ಬಾಟಲಿ ಹೇಳೋದೊಂದು, ಕಾಗದ ಹೇಳೋದೊಂದು, ಎರಡನ್ನೂ ಒಂದೇ ಪ್ರೆಸ್ಸಲ್ಲಿ ಪ್ರಿಂಟ್ ಮಾಡ್ಸಿದ್ದಾರೋ ಏನೋ.

ಇಂಗ್ರೀಡಿಯೆಂಟ್ಸಲ್ಲಿ ಒಂದು ಸಾಲು ನಂಗೆ ಕುತೂಹಲ ಹುಟ್ಸ್ತು. ಎಮಲ್ಸಿಫೈಯರ್, ಐಎನ್‌ಎಸ್ 433. ಇದು ಪಾಲಿಸಾರ್ಬೇಟ್ 80, ಎಣ್ಣೆ ನೀರು ಬೇರೆ ಆಗ್ದಂಗೆ ಹಿಡಿದಿಡೋ ವಸ್ತು, ಐಸ್‌ಕ್ರೀಮಲ್ಲೂ ಹಾಕ್ತಾರೆ. ಪಾಂಪ್ಲೆಟಲ್ಲಿ ಇದನ್ನೇ ಹಿಡ್ಕೊಂಡು, ಜರ್ಮನ್ ಸಂಶೋಧನೆ ಪ್ರಕಾರ ಪಾಲಿಸಾರ್ಬೇಟ್ 80 ಇರೋದ್ರಿಂದ ನಮ್ಮ ಡ್ರಾಪ್ಸ್ ಮೆದುಳಿನ ಗೋಡೆ ದಾಟ್ತದೆ ಅಂತ ಬರೆದಿದ್ದಾರೆ. ಇಲ್ಲಿ ಸ್ವಲ್ಪ ನಿಲ್ಲಬೇಕು ಮಾರಾಯ್ರೆ, ಯಾಕಂದ್ರೆ ಇದು ಪೂರ್ತಿ ಸುಳ್ಳಲ್ಲ, ಅರ್ಧ ನಿಜ, ಪೂರ್ತಿ ಸುಳ್ಳಾಗಿದ್ರೆ ಎರಡು ಸಾಲಲ್ಲಿ ಮುಗ್ಸಿಬಿಡ್ತಿದ್ದೆ.

ಗೋಡೆ ಅನ್ನೋದು ನಿಜ. 1885ರಲ್ಲಿ ಪಾಲ್ ಎರ್ಲಿಖ್ ಅನ್ನೋ ಜರ್ಮನ್ ವಿಜ್ಞಾನಿ ಪ್ರಾಣಿಗಳ ರಕ್ತಕ್ಕೆ ಬಣ್ಣ ಬಿಟ್ಟಾಗ ಮೈಯೆಲ್ಲ ಬಣ್ಣ ಹತ್ತಿತು, ಮೆದುಳಿಗೆ ಹತ್ತಲಿಲ್ಲ. ಮೆದುಳಿನ ಸಣ್ಣ ರಕ್ತನಾಳಗಳ ಒಳಪದರದ ಜೀವಕೋಶಗಳು ಒಂದಕ್ಕೊಂದು ಎಷ್ಟು ಬಿಗಿಯಾಗಿ ಅಂಟ್ಕೊಂಡಿರ್ತಾವೆ ಅಂದ್ರೆ ನಡುವೆ ಸಂದಿ ಅಂತ ಇರೋದೇ ಇಲ್ಲ. ಅದು ಸಾಲ್ದು ಅಂತ, ಹೇಗೋ ಒಳಗೆ ನುಗ್ಗಿದ ಔಷಧಾನ ಹಿಡಿದು ವಾಪಸ್ ರಕ್ತಕ್ಕೇ ಎಸೆಯೋ ಪಂಪುಗಳೂ ಅಲ್ಲಿವೆ, ಪಿ-ಗ್ಲೈಕೋಪ್ರೋಟೀನ್ ಅಂತ ಅದ್ರಲ್ಲೊಂದು. ಬೇರೆ ಕ್ಯಾನ್ಸರಿಗೆ ಚೆನ್ನಾಗಿ ಕೆಲ್ಸ ಮಾಡೋ ಡಾಕ್ಸೋರುಬಿಸಿನ್ ಥರದ ಔಷಧ ಮೆದುಳಲ್ಲಿ ಸೋಲೋದು ಇಲ್ಲೇ.

ಹಾಗಾಗಿ ಔಷಧಾನ ಒಂದು ಪುಟ್ಟ ವಾಹನದಲ್ಲಿ ಕೂರ್ಸಿ ಕಳ್ಸೋಣ ಅನ್ನೋದು ನ್ಯಾನೋ ಐಡಿಯಾ. ಒಂದು ಮಿಲಿಮೀಟರನ್ನ ಹತ್ತು ಲಕ್ಷ ಪಾಲು ಮಾಡಿದ್ರೆ ಒಂದು ಪಾಲು ಒಂದು ನ್ಯಾನೋಮೀಟರ್, ಈ ವಾಹನಗಳು ಸಾಮಾನ್ಯವಾಗಿ ಹತ್ತರಿಂದ ಇನ್ನೂರು ನ್ಯಾನೋಮೀಟರ್ ಒಳಗೆ. ತದಡಿಯಿಂದ ಅಘನಾಶಿನಿಗೆ ದಾಟೋ ಬೋಟಲ್ಲಿ ಬೈಕು ಹತ್ತಿಸ್ತಾರಲ್ಲ, ಹಾಂಗೆ. ಬೋಟು ದಾಟ್ತದೆ ಅಂದ ಮಾತ್ರಕ್ಕೆ ಬೈಕು ಚಾಲೂ ಆಗ್ತದೆ ಅಂತಿಲ್ಲ, ಬೈಕು ಗಟ್ಟಿಮುಟ್ಟಾಗಿದೆ ಅಂದ್ರೆ ಬೋಟು ದಾಟ್ಲೇಬೇಕು ಅಂತನೂ ಇಲ್ಲ. ಪಾಂಪ್ಲೆಟ್ ಬರೆದವ್ರು ಬೋಟಿನ ಫೋಟೋ ತೋರ್ಸಿ ಬೈಕಿನ ದುಡ್ಡು ತಗೊಂಡಿದ್ದಾರೆ.

ಜರ್ಮನ್ ಸಂಶೋಧನೆ ಅಂದ್ರೆ ಫ್ರಾಂಕ್‌ಫರ್ಟಿನ ಯೋರ್ಗ್ ಕ್ರಾಯ್ಟರ್ ಅನ್ನೋರ ತಂಡದ್ದು, 1990ರ ದಶಕದ್ದು. ಡಲಾರ್ಜಿನ್ ಅಂತ ನೋವು ಕಡಿಮೆ ಮಾಡೋ ಒಂದು ವಸ್ತು, ಅದಷ್ಟಕ್ಕೇ ಬಿಟ್ರೆ ಮೆದುಳಿಗೆ ಹೋಗೋದಿಲ್ಲ. ಅದನ್ನ ಪಾಲಿಮರ್ ಕಣಗಳ ಮೇಲೆ ಕೂರ್ಸಿ, ಕಣಕ್ಕೆ ಪಾಲಿಸಾರ್ಬೇಟ್ 80 ಲೇಪ ಕೊಟ್ಟು ಇಲಿಗಳ ರಕ್ತನಾಳಕ್ಕೆ ಇಂಜೆಕ್ಷನ್ ಮಾಡಿದ್ರು, ನೋವು ಕಡಿಮೆ ಆಯ್ತು. ಕಾರಣ ಏನಂದ್ರೆ ರಕ್ತದಲ್ಲಿ ಓಡಾಡುವಾಗ ಆ ಲೇಪಕ್ಕೆ ಅಪೋಲೈಪೋಪ್ರೋಟೀನ್ ಇ ಅನ್ನೋ ನಮ್ಮದೇ ಪ್ರೋಟೀನ್ ಬಂದು ಅಂಟ್ಕೊಳ್ತದೆ, ಆಗ ಮೆದುಳಿನ ರಕ್ತನಾಳದ ಕೋಶಗಳು ಇದ್ಯಾವುದೋ ಕೊಲೆಸ್ಟ್ರಾಲ್ ಕಣ ಅಂದ್ಕೊಂಡು ಒಳಗೆ ಎಳ್ಕೊಳ್ತಾವೆ. ಬಹಳ ಚಂದದ ಕೆಲ್ಸ, ನಂಗೆ ಓದಿ ಖುಷಿಯಾಯ್ತು. ಆದ್ರೆ ನೋಡಿ, ರಕ್ತನಾಳಕ್ಕೆ ನೇರ ಇಂಜೆಕ್ಷನ್. ಬಾಯಿಗೆ ಹನಿ ಹಾಕಿದ್ದಲ್ಲ. ಬಾಯಿಂದ ಹೋದದ್ದು ಹೊಟ್ಟೆ ಆಸಿಡ್ಡು, ಪಿತ್ತರಸ, ಕರುಳು, ಆಮೇಲೆ ಲಿವರ್, ಇಷ್ಟೆಲ್ಲ ದಾಟಿ ರಕ್ತಕ್ಕೆ ಬರೋ ಹೊತ್ತಿಗೆ ಆ ಲೇಪ ಲೇಪವಾಗಿ ಉಳಿದಿರ್ತದಾ? ಪಾಲಿಸಾರ್ಬೇಟ್ 80 ಹಾಕಿದ್ದೆಲ್ಲ ಮೆದುಳಿಗೆ ಹೋಗೋದಾದ್ರೆ ಐಸ್‌ಕ್ರೀಮೂ ಹೋಗ್ಬೇಕಿತ್ತು.

ಅರಿಶಿನದ ವಿಷ್ಯಕ್ಕೂ ನ್ಯಾಯ ಮಾಡ್ಬೇಕು, ಸುಮ್ನೆ ಬೈಯೋದು ಸರಿಯಲ್ಲ. ಕರ್ಕ್ಯುಮಿನ್ ಬಾಯಿಂದ ತಗೊಂಡ್ರೆ ರಕ್ತಕ್ಕೆ ಬರೋದು ಬಹಳ ಕಮ್ಮಿ, ಬಂದದ್ದನ್ನೂ ಲಿವರ್ ಬೇಗ ಒಡೆದು ಹಾಕ್ತದೆ. 1998ರಲ್ಲಿ ಬೆಂಗ್ಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವ್ರು ಎರಡು ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರೀನ್, ಅಂದ್ರೆ ನಮ್ಮ ಕಾಳುಮೆಣಸಿನ ಖಾರ, ಕೊಟ್ಟು ನೋಡಿದಾಗ ರಕ್ತಕ್ಕೆ ಸೇರೋ ಪ್ರಮಾಣ 2000 ಪರ್ಸೆಂಟ್ ಏರಿತ್ತು. ನ್ಯಾನೋ ಕರ್ಕ್ಯುಮಿನ್ ಕೂಡ ಇದೇ ಸಮಸ್ಯೆಗೆ ಇನ್ನೊಂದು ದಾರಿ, ಅಷ್ಟರ ಮಟ್ಟಿಗೆ ಅದು ಕೆಲ್ಸ ಮಾಡ್ತದೆ. ಗ್ಲಿಯೋಬ್ಲಾಸ್ಟೋಮಾ ಪೇಷೆಂಟುಗಳಿಗೆ ಆಪರೇಷನ್ನಿಗೆ ಮುಂಚೆ ಕೆಲವು ದಿನ ಈ ಥರದ ಕರ್ಕ್ಯುಮಿನ್ ಕೊಟ್ಟು, ಆಮೇಲೆ ತೆಗೆದ ಗಡ್ಡೆಯನ್ನ ಪರೀಕ್ಷೆ ಮಾಡಿದ ಸಣ್ಣ ಅಧ್ಯಯನವೂ ಜರ್ಮನಿಯಿಂದ 2016ರಲ್ಲಿ ಬಂದಿದೆ. ಗಡ್ಡೇಲಿ ಕರ್ಕ್ಯುಮಿನ್ ಸಿಕ್ತು, ಬಹಳ ಚೂರು. ಆದ್ರೆ ಅದ್ರಿಂದ ಆಯಸ್ಸು ಜಾಸ್ತಿ ಆಯ್ತಾ ಅನ್ನೋದು ಆ ಅಧ್ಯಯನದ ಪ್ರಶ್ನೆಯೇ ಅಲ್ಲ. ಪಾಂಪ್ಲೆಟಲ್ಲಿ ಸಿಕ್ತು ಅನ್ನೋದನ್ನ ಮಾತ್ರ ದಪ್ಪಕ್ಷರದಲ್ಲಿ ಹಾಕಿ, ಕೆಳಗೆ ಒಬ್ಬ ಅಜ್ಜ ನಗ್ತಾ ತೋಟದಲ್ಲಿ ನಿಂತ ಫೋಟೋ ಹಾಕಿದ್ದಾರೆ.

ಪ್ರಾಡಕ್ಟ್ ಟೆಸ್ಟ್ ಮಾಡ್ದೆ ಹೇಳ್ತಿದ್ದೀರಿ ಅಂತ ಯಾರೂ ಅನ್ಬಾರ್ದು ಅಂತ ಅಂಗಡೀಲೇ ಎರಡು ಗ್ಲಾಸ್ ನೀರಿಟ್ಟು ನೋಡಿದೆ. ಒಂದಕ್ಕೆ ಮನೆ ಅರಿಶಿನ ಪುಡಿ, ಇನ್ನೊಂದಕ್ಕೆ ಈ ಡ್ರಾಪ್ಸ್. ಪುಡಿ ಮೊದ್ಲು ಮೇಲೆ ತೇಲಿ ಆಮೇಲೆ ತಳಕ್ಕೆ ಕೂತ್ಕೊಳ್ತು, ಅಂಚಿಗೆ ಹಳದಿ ಗೆರೆ. ಡ್ರಾಪ್ಸ್ ಹಾಕಿದ್ದು ಕಲಕೋ ಮುಂಚೆನೇ ಎಳೆ ಎಳೆಯಾಗಿ ಇಳಿದು ಪೂರ್ತಿ ಕರಗಿದಂಗೆ ಆಯ್ತು, ಆಚೆ ಇಟ್ಟ ಪೇಪರಿನ ಅಕ್ಷರ ಗ್ಲಾಸಿನ ಮೂಲಕ ಓದೋವಷ್ಟು ಕ್ಲಿಯರ್. ಪಕ್ಕದ ಮನೆ ಹುಡುಗನ ಲೇಸರ್ ಲೈಟ್ ಬಿಟ್ರೆ ಮಾತ್ರ ಆ ಕ್ಲಿಯರ್ ನೀರಲ್ಲಿ ಕೆಂಪು ಗೆರೆ ಉದ್ದಕ್ಕೆ ಕಾಣ್ತದೆ, ಅಂದ್ರೆ ಒಳಗೆ ಕಣ್ಣಿಗೆ ಕಾಣದ ಕಣಗಳಿವೆ. ಹಾಗಾಗಿ ನ್ಯಾನೋ ಅನ್ನೋದು ಬಹುಶಃ ನಿಜವೇ. ಆದ್ರೆ ಇದೇ ಲೇಸರ್ ಆಟ ನೀರಿಗೆ ಎರಡು ಹನಿ ಹಾಲು ಹಾಕಿದ್ರೂ ಆಗ್ತದೆ, ಹಾಲಿನ ಕೇಸೀನ್ ಕಣಗಳೂ ನೂರು ಇನ್ನೂರು ನ್ಯಾನೋಮೀಟರ್ ಆಸುಪಾಸಿನವು, ಹಾಂಗಂತ ಡೇರಿಯವ್ರು ಬ್ರೈನ್ ಟ್ಯೂಮರ್ ಅಂತ ಬೋರ್ಡ್ ಹಾಕಿಲ್ಲ. ರುಚಿ ಕಹಿ, ಬಾಯೆಲ್ಲ ಸೋಪು ಹಾಕಿದಂಗೆ. ಶರ್ಟಿಗೆ ಒಂದು ಹನಿ ಬಿದ್ದದ್ದು ಇನ್ನೂ ಹೋಗಿಲ್ಲ.

ಒಂದು ಎಂಎಲ್‌ಗೆ ಎಷ್ಟು ಮಿಲಿಗ್ರಾಂ ಕರ್ಕ್ಯುಮಿನ್? ಲೇಬಲಲ್ಲಿ ಇಲ್ಲ, ಪ್ರೊಪ್ರೈಟರಿ ಬ್ಲೆಂಡ್, ಅಂದ್ರೆ ನಮ್ಮದೇ ಗುಟ್ಟಿನ ಮಿಶ್ರಣ ಅಂತ ಇದೆ. ಕಣದ ಸೈಜ್ ಎಷ್ಟು, ರಿಪೋರ್ಟ್ ಇದೆಯಾ ಅಂತ ಕಸ್ಟಮರ್ ಕೇರಿಗೆ ಫೋನ್ ಮಾಡಿ ಕೇಳಿದ್ರೆ ಆ ಹುಡುಗಿ, ಪಾಪ, ಸಾರ್ ನೀವು ಡಿಸ್ಟ್ರಿಬ್ಯೂಟರಾ ಅಂತ ಕೇಳಿದ್ಳು. ಇಲ್ಲ ಅಂದೆ. ಹಾಗಾದ್ರೆ ನಿಮ್ಮ ಏಜೆಂಟ್ ಹತ್ರ ಕೇಳಿ ಅಂದ್ಳು. ಏಜೆಂಟ್ ಹತ್ರ ಕೇಳಿದ್ರೆ ಅವ್ನು ಒಂದು ಕ್ಯೂಆರ್ ಕೋಡ್ ಕಳ್ಸಿದ, ಸ್ಕ್ಯಾನ್ ಮಾಡಿದ್ರೆ ಇಲಿಗಳ ಮೇಲಿನ ಯಾವುದೋ ಪೇಪರ್, ಅದ್ರಲ್ಲಿ ಇವ್ರ ಬಾಟಲಿ ಹೆಸರೇ ಇಲ್ಲ. ನ್ಯಾನೋ ಔಷಧಗಳನ್ನ ಹೇಗೆ ಪರೀಕ್ಷಿಸ್ಬೇಕು ಅಂತ ನಮ್ಮ ದೇಶದಲ್ಲೇ 2019ರಲ್ಲಿ ಸರ್ಕಾರದ ಮಾರ್ಗಸೂಚಿ ಬಂದಿದೆ, ಕಣದ ಗಾತ್ರ, ಸ್ಥಿರತೆ, ಮೈಯಲ್ಲಿ ಎಲ್ಲಿಗೆ ಹೋಗ್ತದೆ, ಎಷ್ಟು ವಿಷ, ಎಲ್ಲ ತೋರಿಸ್ಬೇಕು. ಆದ್ರೆ ಅದು ಔಷಧಕ್ಕೆ. ಇವ್ರದ್ದು ಕಾಗದದ ಪ್ರಕಾರ ಆಹಾರ ಅಲ್ವಾ.

ನಿಜವಾದ ನ್ಯಾನೋ ಔಷಧ ಹೆಂಗಿರ್ತದೆ ಅಂತ ಗೊತ್ತಿಲ್ದವ್ರಿಗೆ ಒಂದು ಹೇಳ್ತೇನೆ. ಲೈಪೋಸೋಮಲ್ ಡಾಕ್ಸೋರುಬಿಸಿನ್. 1995ರಲ್ಲಿ ಅಮೆರಿಕದಲ್ಲಿ ಡಾಕ್ಸಿಲ್ ಹೆಸರಲ್ಲಿ ಪರ್ಮಿಷನ್ ಸಿಕ್ಕಿದ್ದು, ಕೊಬ್ಬಿನ ಸಣ್ಣ ಗುಳ್ಳೆಯೊಳಗೆ ಔಷಧ, ಗುಳ್ಳೆ 80–90 ನ್ಯಾನೋಮೀಟರ್, ಮೇಲೆ ಪೆಗ್ ಅನ್ನೋ ಪದರ, ರಕ್ತದಲ್ಲಿ ಬೇಗ ಸಿಕ್ಕಿಬೀಳ್ದೆ ಇರ್ಲಿ ಅಂತ. ಕೆಂಪು ಬಣ್ಣದ ದ್ರವ, ಎರಡರಿಂದ ಎಂಟು ಡಿಗ್ರಿಲಿ ಇಡ್ಬೇಕು, ಫ್ರೀಝ್ ಆಗ್ಬಾರ್ದು, ಐದು ಪರ್ಸೆಂಟ್ ಡೆಕ್ಸ್‌ಟ್ರೋಸಲ್ಲಿ ಮಾತ್ರ ಬೆರೆಸ್ಬೇಕು, ಸಲೈನಲ್ಲಿ ಬೆರೆಸಂಗಿಲ್ಲ. ಜೊತೆಗೆ ಬರೋ ಕಾಗದ ಬಿಡಿಸಿದ್ರೆ ಕೌಂಟರ್ ತುಂಬ್ತದೆ, ಅಂಗೈ ಅಂಗಾಲು ಸುಲಿಯೋದ್ರಿಂದ ಹಿಡಿದು ಹಾರ್ಟಿನ ತೊಂದ್ರೆ ತನಕ ಎಲ್ಲ ಅದ್ರಲ್ಲಿ ಇರ್ತದೆ. 2012ರಲ್ಲಿ ಅಮೆರಿಕದಲ್ಲೇ ಡಾಕ್ಸಿಲ್ ಕೊರತೆ ಆದಾಗ ನಮ್ಮ ಸನ್ ಫಾರ್ಮಾದ ಲೈಪೋಡಾಕ್ಸನ್ನ ಅಲ್ಲಿಗೆ ತರಿಸ್ಕೊಳ್ಳೋಕೆ ಅವ್ರ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿತ್ತು. ಅಷ್ಟು ಗಂಭೀರವಾದ ಮಾಲು. ಅದೂ ಮುಖ್ಯವಾಗಿ ಅಂಡಾಶಯದ ಕ್ಯಾನ್ಸರ್, ಮೈಲೋಮಾ ಅನ್ನೋ ರಕ್ತದ ಕ್ಯಾನ್ಸರ್ ಥರದವಕ್ಕೆ, ಬ್ರೈನ್ ಟ್ಯೂಮರಿಗೆ ಅಂತ ಪರ್ಮಿಷನ್ ಇರೋ ಔಷಧ ಅಲ್ಲ. ಬೈಕಲ್ಲಿ ಬಿಸ್ಲಲ್ಲಿ ಬ್ಯಾಗಲ್ಲಿ ಹಾಕ್ಕೊಂಡು ಬರೋ ಬಾಟಲಿಗೂ ಇದಕ್ಕೂ ಒಂದೇ ಹೆಸ್ರು, ನ್ಯಾನೋ.

ನಮ್ಮ ಕಡೆ ನ್ಯಾನೋ ಅಂದ್ರೆ ಈಗ ಎಲ್ರಿಗೂ ಗೊತ್ತು, ಮೊದ್ಲು ಕಾರು ಬಂತು, 2021ರ ನಂತ್ರ ಸೊಸೈಟೀಲಿ ನ್ಯಾನೋ ಯೂರಿಯಾ ಬಾಟಲಿ ಬಂತು, ಹಾಗಾಗಿ ಚಿಕ್ಕದಾದಷ್ಟೂ ಪವರ್ ಜಾಸ್ತಿ ಅನ್ನೋದು ತಲೇಲಿ ಕೂತುಬಿಟ್ಟಿದೆ. ಏಜೆಂಟ್ ಕೂಡ ಭಾವಂಗೆ ಇದನ್ನೇ ಹೇಳಿದ್ದು.

ಚಿಕ್ಕದಾದ್ರೆ ಸಾಕು, ಗಡ್ಡೆಗೇ ಹೋಗ್ತದೆ ಅನ್ನೋ ಲೆಕ್ಕಾಚಾರ ವಿಜ್ಞಾನಿಗಳಿಗೇ ಕೈ ಕೊಟ್ಟಿದೆ. ಗಡ್ಡೆಯ ರಕ್ತನಾಳಗಳು ಸೋರ್ತಾವೆ, ಹಾಗಾಗಿ ನ್ಯಾನೋ ಕಣ ಅಲ್ಲಿ ಜಾಸ್ತಿ ಸೇರ್ಕೊಳ್ತದೆ ಅಂತ 1986ರಲ್ಲಿ ಜಪಾನಿನ ಮತ್ಸುಮುರಾ ಮತ್ತು ಮಾಯೆದಾ ಬರೆದಿದ್ದು, ಮುಂದೆ ಮೂವತ್ತು ವರ್ಷ ಈ ಕ್ಷೇತ್ರ ನಡೆದಿದ್ದೇ ಆ ನಂಬಿಕೆ ಮೇಲೆ. 2016ರಲ್ಲಿ ಕೆನಡಾದ ಒಂದು ತಂಡ ಹತ್ತು ವರ್ಷದ 117 ಪೇಪರುಗಳನ್ನ ಒಟ್ಟಿಗೆ ಹಾಕಿ ಲೆಕ್ಕ ಮಾಡಿದಾಗ ಸಿಕ್ಕಿದ ಮಧ್ಯದ ಅಂಕಿ 0.7 ಪರ್ಸೆಂಟ್. ಅಂದ್ರೆ ಇಂಜೆಕ್ಷನ್ ಮಾಡಿದ ಸಾವಿರ ಕಣದಲ್ಲಿ ಗಡ್ಡೆ ತಲುಪಿದ್ದು ಏಳು. ಉಳಿದದ್ದೆಲ್ಲಿಗೆ? ಬಹುಪಾಲು ಲಿವರ್ ಮತ್ತೆ ಸ್ಪ್ಲೀನ್ (ಗುಲ್ಮ), ಅಲ್ಲಿನ ಕಾವಲು ಕೋಶಗಳು ಇಂಥ ಕಣ ಕಂಡ್ರೆ ನುಂಗಿಬಿಡ್ತಾವೆ. ಇದು ಪ್ರಯೋಗದ ಪ್ರಾಣಿಗಳ ಲೆಕ್ಕ, ಲ್ಯಾಬಿನವ್ರು ಮುತುವರ್ಜಿಯಿಂದ ಮಾಡಿದ ಕಣಗಳ ಲೆಕ್ಕ.

ಮೆದುಳಿನ ಗಡ್ಡೇಲಿ ಇನ್ನೊಂದು ಫಜೀತಿ. ಎಂಆರ್‌ಐ ಮಾಡುವಾಗ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ರೆ ಗಡ್ಡೆ ಬೆಳ್ಳಗೆ ಹೊಳಿತದಲ್ಲ, ಅದು ಅಲ್ಲಿನ ಗೋಡೆ ಒಡೆದಿರೋದ್ರಿಂದ. ಆದ್ರೆ ಆ ಭಾಗಾನ ಸರ್ಜನ್ ತೆಗೆದುಬಿಟ್ಟಿರ್ತಾರೆ. ಸುತ್ತ ಚೆನ್ನಾಗಿರೋ ಮೆದುಳಿನೊಳಗೆ ಬೇರು ಬಿಟ್ಟು ಅಡಗಿರೋ ಕೋಶಗಳ ಹತ್ರ ಗೋಡೆ ಗಟ್ಟಿಯಾಗೇ ಇರ್ತದೆ, ಗಡ್ಡೆ ತಿರುಗಿ ಬರೋದು ಹೆಚ್ಚಾಗಿ ಅಲ್ಲಿಂದ್ಲೇ, ಮೊದ್ಲಿದ್ದ ಜಾಗದಿಂದ ಎರಡು ಸೆಂಟಿಮೀಟರ್ ಒಳಗೆ. ಅಂದ್ರೆ ಔಷಧ ಸುಲಭವಾಗಿ ಹೋಗೋ ಕಡೆ ಕೆಲ್ಸ ಇಲ್ಲ, ಕೆಲ್ಸ ಇರೋ ಕಡೆ ಔಷಧ ಹೋಗೋದಿಲ್ಲ. ಇದಕ್ಕೇ ಕೆಲವರು ಗೋಡೆಯ ಗೊಡವೆಯೇ ಬೇಡ ಅಂತ ಬೇರೆ ದಾರಿ ಹಿಡಿದ್ರು. 1996ರಿಂದ ಗ್ಲಿಯಾಡೆಲ್ ಅಂತ ಬಿಲ್ಲೆ ಇದೆ, ಆಪರೇಷನ್ ಮಾಡಿದ ಗುಂಡಿಯ ಗೋಡೆಗೇ ಎಂಟರ ತನಕ ಹಚ್ಚಿ ಬರ್ತಾರೆ, ಒಂದೊಂದರಲ್ಲಿ 7.7 ಮಿಲಿಗ್ರಾಂ ಕಾರ್ಮಸ್ಟಿನ್ ಅನ್ನೋ ಕ್ಯಾನ್ಸರ್ ಔಷಧ, ನಿಧಾನಕ್ಕೆ ಬಿಡ್ತಾ ಹೋಗ್ತದೆ. ಯುರೋಪಲ್ಲಿ 2010ರಲ್ಲಿ ಒಪ್ಪಿಗೆ ಸಿಕ್ಕ ಇನ್ನೊಂದು ಪದ್ಧತೀಲಿ ಕಬ್ಬಿಣದ ಆಕ್ಸೈಡಿನ ನ್ಯಾನೋ ಕಣಗಳನ್ನ ಸೂಜಿಯಿಂದ ನೇರ ಗಡ್ಡೆಗೇ ಚುಚ್ಚಿ, ಹೊರಗಿಂದ ಕಾಂತಕ್ಷೇತ್ರ ಕೊಟ್ಟು ಬಿಸಿ ಮಾಡ್ತಿದ್ರು, ಅದಕ್ಕೆ ಮೊದ್ಲು ಹಲ್ಲಿನ ಲೋಹದ ಫಿಲ್ಲಿಂಗ್ ಎಲ್ಲ ತೆಗೆಸ್ಬೇಕಿತ್ತಂತೆ. ಮೈಕ್ರೋಬಬಲ್ ಅನ್ನೋ ಕಣ್ಣಿಗೆ ಕಾಣದ ಸಣ್ಣ ಗುಳ್ಳೆಗಳನ್ನ ರಕ್ತಕ್ಕೆ ಬಿಟ್ಟು ಅಲ್ಟ್ರಾಸೌಂಡಿಂದ ಗೋಡೇನ ಕೆಲವು ಗಂಟೆ ಸಡಿಲ ಮಾಡೋದೂ ಟ್ರಯಲ್ಲಲ್ಲಿದೆ, ಕೆನಡಾದಲ್ಲಿ 2015ರಿಂದ ಪೇಷೆಂಟುಗಳ ಮೇಲೆ ನೋಡ್ತಿದ್ದಾರೆ. ಇಷ್ಟೆಲ್ಲ ಸರ್ಕಸ್ ಮಾಡ್ತಿರೋದು ಬಾಯಿಗೆ ಹನಿ ಹಾಕಿದ್ರೆ ಸಾಕಾಗ್ತಿತ್ತು ಅಂತ ಗೊತ್ತಿಲ್ದೆನಾ?

ಪಾಂಪ್ಲೆಟಿನ ನರಗಳ ಕ್ಯಾನ್ಸರ್ ಅನ್ನೋ ಸಾಲು ನಂಗೆ ಜಾಸ್ತಿ ಸಿಟ್ಟು ಬರ್ಸಿದ್ದು. ಎಲ್ಲಾನೂ ಒಂದೇ ಚೀಲಕ್ಕೆ ತುಂಬಿದ್ದಾರೆ. ಗ್ಲಿಯೋಬ್ಲಾಸ್ಟೋಮಾ ಹುಟ್ಟೋದು ನರಕೋಶದಿಂದ ಅಲ್ಲ, ಅವಕ್ಕೆ ಆಧಾರವಾಗಿರೋ ಗ್ಲಿಯಾ ಕೋಶಗಳ ಕಡೆಯಿಂದ, ಬರೋದು ಹೆಚ್ಚಾಗಿ ದೊಡ್ಡವ್ರಿಗೆ. ನ್ಯೂರೋಬ್ಲಾಸ್ಟೋಮಾ ಅಂತ ಇನ್ನೊಂದಿದೆ, ಅದು ಮಕ್ಕಳದ್ದು, ಬಹುತೇಕ ಐದು ವರ್ಷದೊಳಗಿನವ್ರದ್ದು, ಎಳೆಯ ನರಕೋಶಗಳಿಂದ ಹುಟ್ಟೋದು, ಶುರುವಾಗೋದು ಹೆಚ್ಚಾಗಿ ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥೀಲಿ, ಹೊಟ್ಟೇಲಿ. ಮೆದುಳಲ್ಲಿ ಅಲ್ವೇ ಅಲ್ಲ! ಅಂದ ಮೇಲೆ ಅಲ್ಲಿ ಮೆದುಳಿನ ಗೋಡೆ ದಾಟೋ ಪ್ರಶ್ನೆ ಎಲ್ಲಿಂದ ಬಂತು. ಅದಕ್ಕೆ ಚಿಕಿತ್ಸೆ ಬೇರೆ, ಕೀಮೋ, ಆಪರೇಷನ್, 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಡೈನುಟುಕ್ಸಿಮ್ಯಾಬ್ ಥರದ ಆಂಟಿಬಾಡಿ. ಕೆಲವು ಮಕ್ಕಳಿಗೆ ಮೂಳೆಗೆ ಹರಡಿದಾಗ ಕಣ್ಣಿನ ಸುತ್ತ ಪೆಟ್ಟು ಬಿದ್ದಂಗೆ ಕಪ್ಪಾಗ್ತದೆ. ಅಂಥ ಮಗೂನ ಇಟ್ಕೊಂಡು ಯಾರಾದ್ರೂ ಈ ಹಳದಿ ಹನಿ ಹಾಕ್ತಾ ಕೂತ್ರೆ ಕಥೆ ಏನು.

ಈಗ ತಮಾಷೆ ನೋಡಿ. ಭಾವ ತಗೊಳ್ತಿರೋ ಟೆಮೋಝೋಲೋಮೈಡ್ ಮಾತ್ರೇಲಿ ನ್ಯಾನೋ ಗೀನೋ ಎಂತದೂ ಇಲ್ಲ. ಮಾಮೂಲಿ ಕ್ಯಾಪ್ಸೂಲ್. ಅದ್ರ ಅಣುತೂಕ 194, ಅಷ್ಟು ಸಣ್ಣ ಅಣುವಾದ್ರಿಂದ ಬಾಯಿಂದ ತಗೊಂಡ್ರೂ ರಕ್ತಕ್ಕೆ ಪೂರ್ತಿ ಸೇರ್ತದೆ, ಗೋಡೇನೂ ಒಂದಷ್ಟು ದಾಟ್ತದೆ. 2005ರಲ್ಲಿ ಬಂದ ದೊಡ್ಡ ಟ್ರಯಲ್ಲಲ್ಲಿ ಬರೀ ರೇಡಿಯೇಷನ್ ಆದವ್ರ ಮಧ್ಯದ ಆಯಸ್ಸು, ಅಂದ್ರೆ ಅರ್ಧದಷ್ಟು ಜನ ದಾಟಿದ ಅವಧಿ, 12.1 ತಿಂಗಳು, ಈ ಮಾತ್ರೆ ಸೇರ್ಸಿದವ್ರದ್ದು 14.6 ತಿಂಗಳು. ಎರಡೂವರೆ ತಿಂಗಳಾ ಅಂತ ಕೇಳ್ಬೇಡಿ, ಎರಡು ವರ್ಷ ದಾಟಿದವ್ರು 10.4 ಪರ್ಸೆಂಟಿಂದ 26.5 ಪರ್ಸೆಂಟಿಗೆ ಹೋದ್ರು. ಇದು ದೊಡ್ಡ ಗೆಲುವು ಅಂತ ಡಾಕ್ಟ್ರುಗಳು ಇಪ್ಪತ್ತು ವರ್ಷದಿಂದ ಇದನ್ನೇ ಕೊಡ್ತಿದ್ದಾರೆ, ಆ ಕಾಯಿಲೆ ಅಷ್ಟು ಕೆಟ್ಟದ್ದು. ಪಾಂಪ್ಲೆಟ್ ನಂಬೋದಾದ್ರೆ ಮೂರು ಬಾಟಲಿಗೆ ಗುಣ.

ಸೇಫ್ಟಿ ವಿಷ್ಯ. ಮನೆ ಅಡುಗೆ ಅರಿಶಿನ ಬೇರೆ, ಹೀರಿಕೆ ಜಾಸ್ತಿ ಮಾಡಿದ ಅರಿಶಿನ ಬೇರೆ. ಇಟಲೀಲಿ 2019ರಲ್ಲಿ ಅರಿಶಿನದ ಸಪ್ಲಿಮೆಂಟ್ ತಗೊಂಡವ್ರಲ್ಲಿ ಲಿವರ್ ಊತದ ಕೇಸುಗಳು ಸಾಲಾಗಿ ಬಂದು ಸರ್ಕಾರವೇ ಎಚ್ಚರಿಕೆ ಕೊಡ್ಬೇಕಾಯ್ತು, ಅಮೆರಿಕದ ವೈದ್ಯರೂ ಇಂಥ ಕೇಸು ದಾಖಲಿಸಿದ್ದಾರೆ, ಕೆಲವು ಸಪ್ಲಿಮೆಂಟಲ್ಲಿ ಕಾಳುಮೆಣಸಿನ ಪೈಪರೀನೂ ಇತ್ತು. ಟೆಮೋಝೋಲೋಮೈಡಿಗೂ ಲಿವರಿನ ಎಚ್ಚರಿಕೆ ಇದೆ, ಪ್ಲೇಟ್ಲೆಟ್ಟೂ ಇಳಿತದೆ, ಅದಕ್ಕೇ ಪದೇ ಪದೇ ರಕ್ತ ಪರೀಕ್ಷೆ. ಜೊತೆಗೆ ಫಿಟ್ಸ್ ಬರ್ದೆ ಇರ್ಲಿ ಅಂತ ಒಂದು ಮಾತ್ರೆ, ಇಷ್ಟರ ಮೇಲೆ ಈ ಡ್ರಾಪ್ಸ್ ಹಾಕಿ, ನಾಳೆ ಲಿವರ್ ರಿಪೋರ್ಟ್ ಏರಿದ್ರೆ ಯಾವುದ್ರಿಂದ ಅಂತ ಡಾಕ್ಟ್ರು ಹೇಗೆ ಹೇಳ್ಬೇಕು? ಕೆಲ್ಸ ಮಾಡೋ ಮಾತ್ರೇನೇ ನಿಲ್ಲಿಸ್ಬೇಕಾಗ್ಬಹುದು. ನನ್ನ ಪ್ರಕಾರ ಈ ಬಾಟಲಿಯ ದೊಡ್ಡ ಅಪಾಯ ಇದೇ. ಅಕ್ಕ ಬಾಟಲಿ ತಗೊಂಡ ಸಂಗತಿ ಆಸ್ಪತ್ರೇಲಿ ಹೇಳಿರ್ಲಿಲ್ಲ, ಬೈತಾರೆ ಅಂತ. ಈಗ ಹೇಳಿದ್ದಾಳೆ, ಯಾರೂ ಬೈಲಿಲ್ಲ, ನಿಲ್ಸಿ ಅಂದ್ರು ಅಷ್ಟೆ.

ಜನ ಯಾಕೆ ತಗೊಳ್ತಾರೆ ಅಂತ ಸಿಟಿಯವ್ರು ಕೇಳ್ತಾರೆ. ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಕಾರವಾರದಿಂದ ಭಟ್ಕಳದ ತನಕ ಎಷ್ಟು ವರ್ಷ ಕೂಗಾಡಿದ್ದಾರೆ ಅಂತ ಎಲ್ರಿಗೂ ಗೊತ್ತು. ತಲೆಗೆ ಏನಾದ್ರೂ ಆದ್ರೆ ಕರಾವಳಿಯವ್ರು ಮಣಿಪಾಲ, ಮಂಗ್ಳೂರು, ಇಲ್ಲಾ ಗೋವಾ, ಘಟ್ಟದ ಮೇಲಿನವ್ರು ಹುಬ್ಬಳ್ಳಿ. ರೇಡಿಯೇಷನ್ ಅಂದ್ರೆ 30 ಸಿಟ್ಟಿಂಗು, ವಾರಕ್ಕೆ ಐದು, ಆರು ವಾರ, ಪ್ರತಿ ಸಲ ಹತ್ತು ಹದಿನೈದು ನಿಮಿಷದ ಕೆಲ್ಸಕ್ಕೆ ದಿನಾ ಅಷ್ಟು ದೂರ ಹೋಗಿ ಬಂದು ಮಾಡೋಕಾಗ್ತದಾ, ಅಲ್ಲೇ ರೂಮು ಮಾಡ್ಬೇಕು, ತೋಟ ಯಾರು ನೋಡ್ಕೊಳ್ಳೋದು, ಅಡಿಕೆ ಕೊನೆಕೊಯ್ಲು ಬೇರೆ ಹತ್ರ ಬಂದಿರ್ತದೆ. ಅಷ್ಟೆಲ್ಲ ಮುಗ್ಸಿ ಸುಸ್ತಾಗಿ ಬಂದವ್ರ ಮನೆಗೆ ಒಬ್ಬ ತಾನಾಗೇ ಬಂದು, ಜಗಲೀಲಿ ಕೂತು, ಅರ್ಧ ಗಂಟೆ ಕಷ್ಟ ಸುಖ ಕೇಳಿ, ಅರಿಶಿನ ತಾನೇ, ಸೈಡ್ ಎಫೆಕ್ಟ್ ಇಲ್ಲ ಅಂದ್ರೆ ಯಾರಿಗೆ ಬೇಡ ಅನ್ನೋ ಮನಸ್ಸು ಬರ್ತದೆ. ಆಸ್ಪತ್ರೇಲಿ ಯಾರೂ ಅಷ್ಟು ಹೊತ್ತು ಕೂತು ಮಾತಾಡಿರೋದಿಲ್ಲ. ಸರ್ವಿಸ್ ಅಂತ ಮಾರ್ಕ್ಸ್ ಕೊಡೋದಿದ್ರೆ ಏಜೆಂಟಿಗೆ ನಾಲ್ಕು ಕೊಡ್ಬಹುದು, ಅದೇ ಬೇಜಾರು.

ಹೊಸ ನ್ಯಾನೋ ಔಷಧ ಟ್ರೈ ಮಾಡ್ಲೇಬೇಕು ಅನ್ನೋರಿಗೆ ಸರಿಯಾದ ದಾರಿ ಬೇರೆ ಇದೆ, ಕ್ಲಿನಿಕಲ್ ಟ್ರಯಲ್. ನಮ್ಮ ದೇಶದಲ್ಲಿ ನಡೆಯೋ ಔಷಧದ ಟ್ರಯಲ್ಲುಗಳು ಸಿಟಿಆರ್‌ಐ ಅನ್ನೋ ಸರ್ಕಾರಿ ರಿಜಿಸ್ಟ್ರೀಲಿ ಇರ್ಲೇಬೇಕು, 2009ರಿಂದ ಕಡ್ಡಾಯ. ಕಾಯಿಲೆ ಹೆಸ್ರು ಹಾಕಿ ಯಾರು ಬೇಕಾದ್ರೂ ಹುಡುಕ್ಬಹುದು, ಆಮೇಲೆ ನಿಮ್ಮ ಆಂಕಾಲಜಿಸ್ಟ್ ಹತ್ರ ನಮಗೆ ಹೊಂದೋದು ಯಾವುದಾದ್ರೂ ಇದೆಯಾ ಅಂತ ಬಾಯ್ಬಿಟ್ಟು ಕೇಳಿ. ಅಲ್ಲಿ ಎಥಿಕ್ಸ್ ಕಮಿಟಿ ಇರ್ತದೆ, ನಿಮ್ಮ ಸಹಿ ತಗೊಳ್ಳೋ ಮುಂಚೆ ನಿಮ್ಮ ಭಾಷೇಲಿ ವಿವರಿಸ್ಬೇಕು, ತೊಂದ್ರೆ ಆದ್ರೆ ಚಿಕಿತ್ಸೆ, ಪರಿಹಾರಕ್ಕೆ ನಿಯಮ ಇದೆ. ಟ್ರಯಲ್ಲಲ್ಲಿದೆ ಸಾರ್, ಆದ್ರೆ ಬಾಟಲಿಗೆ ಇಷ್ಟು ಅಂದ್ರೆ ಅವ್ನನ್ನ ಜಗಲಿಯಿಂದ್ಲೇ ಎಬ್ಬಿಸಿ ಕಳ್ಸಿ.

ಕ್ಯಾನ್ಸರ್ ಗುಣ ಮಾಡ್ತೇವೆ ಅಂತ ಜಾಹೀರಾತು ಮಾಡೋದೇ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಪ್ರಕಾರ ಅಪರಾಧ, ಪಾಂಪ್ಲೆಟ್ಟೂ ಜಾಹೀರಾತೇ. ಹಾಗಾಗಿ ಬಾಟಲಿಗಿಂತ ಪಾಂಪ್ಲೆಟ್ ಜೋಪಾನ ಮಾಡಿ, ಎರಡೂ ಬದಿ ಫೋಟೋ ತೆಗೆದು, ಬ್ಯಾಚ್ ನಂಬರ್ ಕಾಣೋ ಹಾಗೆ ಬಾಟಲಿದೂ ತೆಗೆದಿಡಿ. ನಾನು ಕನ್ಸ್ಯೂಮರ್ ಹೆಲ್ಪ್‌ಲೈನ್ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ, ಡ್ರಗ್ಸ್ ಕಂಟ್ರೋಲಿಗೂ ಬರ್ದು ಪಾಂಪ್ಲೆಟಿನ ಕಾಪಿ ಲಗತ್ತಿಸಿದ್ದೇನೆ. ದುಡ್ಡು ವಾಪಸ್ ಕೊಡಿ ಅಂತ ಏಜೆಂಟಿಗೂ ಮೆಸೇಜ್ ಹಾಕಿದ್ದೆ. ಸೀಲ್ ಒಡೆದ ಬಾಟಲಿ ವಾಪಸ್ ತಗೊಳ್ಳೋದಿಲ್ಲ ಸಾರ್, ಬೇಕಿದ್ರೆ ಮುಂದಿನ ಆರ್ಡರಿಗೆ ಹತ್ತು ಪರ್ಸೆಂಟ್ ಡಿಸ್ಕೌಂಟ್ ಮಾಡ್ಸಿ ಕೊಡ್ತೇನೆ ಅಂತ ಉತ್ತರ ಬಂದಿದೆ, ಕೊನೇಲಿ ಕೈಮುಗಿದ ಇಮೋಜಿ.